ಕಟ್ಟೆಯ ಹುಲಿ, ಫೋನಿನ ದಾಳ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಹುಲಿ-ಕುರಿ ಆಟಕ್ಕೆ ದುಡ್ಡು ಬೇಕಿಲ್ಲ. ಅರಳಿಕಟ್ಟೆಯ ಚಪ್ಪಡಿ, ಸೀಮೆಸುಣ್ಣ, ಒಂದು ಹಿಡಿ ಹುಣಸೆ ಬೀಜ ಇದ್ದರೆ ಸಾಕು. ಸಾಮಾನ್ಯವಾಗಿ ಹುಲಿ 3, ಕುರಿ 15. ಒಂಟಿ ಕುರಿಯನ್ನು ಹಾರಿ ಆಚೆಯ ಖಾಲಿ ಜಾಗಕ್ಕೆ ಬಿದ್ದರೆ ಹುಲಿಗೆ ಊಟ. ಕುರಿಯ ಬೆನ್ನಿಗೆ ಇನ್ನೊಂದು ಕುರಿ ನಿಂತಿದ್ದರೆ ಹಾರಲಾಗದು. ಆಡುವವರು ಇಬ್ಬರೇ. ಆದರೆ ಕುರಿಯವನ ಹಿಂದೆ ನಾಲ್ಕು ಜನ ಕುಕ್ಕರಗಾಲಲ್ಲಿ ಕೂತು, ‘ಅಲ್ಲಿ ಇಡಬ್ಯಾಡ ಕಣಪ್ಪ, ಈ ಕಡೆ ಇಡು’ ಎನ್ನುವುದೂ ಆಟದ ಭಾಗವೇ.

ಪಗಡೆಯಲ್ಲಿ ಈ ಒಗ್ಗಟ್ಟು ನಿಯಮವೇ ಆಗಿದೆ. ನಾಲ್ವರು ಆಡುವಾಗ ಎದುರುಬದುರು ಕೂತವರು ಜೊತೆಗಾರರು. ತನ್ನ ಕಾಯಿಗಳೆಲ್ಲ ಹಣ್ಣಾದರೆ ಗೆದ್ದಂತಲ್ಲ, ಜೊತೆಗಾರನದೂ ಆಗಬೇಕು. ಹಾಗಾಗಿ ಜಾಣನಾದವನು ಬೇಕೆಂದೇ ಒಂದು ಕಾಯನ್ನು ಹೊರಗೆ ಉಳಿಸಿಕೊಂಡು, ಜೊತೆಗಾರನ ದಾರಿಗೆ ಅಡ್ಡ ಬಂದ ಕಾಯನ್ನು ಕಡಿಯುತ್ತಾನೆ. 1890ರ ದಶಕದಲ್ಲಿ ಇಂಗ್ಲೆಂಡಿನವರು ಪಚ್ಚೀಸಿಯನ್ನು ಸರಳಗೊಳಿಸಿ ಲೂಡೋ ಮಾಡಿದಾಗ ಈ ಜೊತೆ ಬಿದ್ದುಹೋಯಿತು. 2016ರಲ್ಲಿ ಬಂದ ಲೂಡೋ ಕಿಂಗ್‌ನಂಥ ಆಟಗಳಲ್ಲಿ ಗರ ಹಾಕುವುದೂ ಎಣಿಸುವುದೂ ಫೋನೇ. ಜಗಳಕ್ಕೂ ಜಾಗವಿಲ್ಲ!

ಹಾಗೆಂದು ಯಂತ್ರವನ್ನು ಬೈದು ಕೂರಬೇಕಿಲ್ಲ. ಹೊರದೇಶಗಳಲ್ಲಿ ಎಲ್ಲರೂ ಒಂದೇ ಪಕ್ಷವಾಗಿ ಆಡುವ ಮಣೆಯಾಟಗಳಿವೆ. 2008ರ ‘ಪ್ಯಾಂಡೆಮಿಕ್’ನಲ್ಲಿ ಆಟಗಾರರೆಲ್ಲ ಸೇರಿ ರೋಗವನ್ನು ಸೋಲಿಸಬೇಕು. ಇಂಥ ಆಟಗಳಿಗೊಂದು ಹಳೆಯ ಕಾಯಿಲೆ ಇದೆ: ಬಲ್ಲವನೊಬ್ಬ ಎಲ್ಲರ ಆಟವನ್ನೂ ತಾನೇ ಆಡಿಬಿಡುತ್ತಾನೆ, ಉಳಿದವರು ಆಕಳಿಸುತ್ತಾರೆ. ನಮ್ಮ ಕಟ್ಟೆಯಲ್ಲೂ ಅಂಥ ದೊಡ್ಡ ಬಾಯಿಯವರಿಗೆ ಬರವಿಲ್ಲ. 2015ರ ‘ಎಕ್ಸ್‌ಕಾಮ್’ ಮಣೆಯಾಟ ಇದಕ್ಕೆ ಮದ್ದು ಹುಡುಕಿತು. ಮಣೆ, ಕಾಯಿಗಳು ಮೇಜಿನ ಮೇಲೇ ಇರುತ್ತವೆ. ಜೊತೆಗೊಂದು ಆ್ಯಪ್. ನಾಲ್ವರಿಗೂ ಬೇರೆ ಬೇರೆ ಹೊಣೆ. ಆ್ಯಪ್ ನೋಡಿಕೊಳ್ಳುವವನು ಒಬ್ಬನೇ, ಅವನು ಕೂಗಿ ಹೇಳಬೇಕು. ಗಡಿಯಾರ ಓಡುತ್ತಿರುತ್ತದೆ. ಇನ್ನೊಬ್ಬನ ಕೆಲಸಕ್ಕೆ ಕೈ ಹಾಕಲು ಪುರುಸೊತ್ತೇ ಇರುವುದಿಲ್ಲ.

ಇದನ್ನೇ ಹುಲಿ-ಕುರಿಗೆ ತಂದರೆ? ಹುಲಿಯ ನಡೆಯನ್ನು ಫೋನಿಗೆ ಬಿಡಬಹುದು. ಕುರಿಗಳನ್ನು ಐದು ಮಕ್ಕಳಿಗೆ ಮೂರು ಮೂರರಂತೆ ಹಂಚಬೇಕು. ತನ್ನ ಕುರಿಯನ್ನು ತಾನೇ ನಡೆಸಬೇಕು, ಆದರೆ ಪಕ್ಕದವನನ್ನು ಕೇಳದೆ ನಡೆಸಿದರೆ ಬೆನ್ನು ಬಯಲು. ಬೀಜವನ್ನು ಮಾತ್ರ ಕೈಯಲ್ಲೇ ಇಡಬೇಕು, ಫೋನಿನಲ್ಲಲ್ಲ. ಕೈಯಿಂದ ಇಟ್ಟದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ, ಪ್ರಶ್ನೆ ಏಳುತ್ತದೆ. ಇನ್ನು ಪಾವಗಡದ ಮಟಮಟ ಮಧ್ಯಾಹ್ನ ಫೋನಿನ ಪರದೆ ಕಾಣುವುದೇ ಕಷ್ಟ. ಹುಲಿ ಎತ್ತ ನಡೆಯಿತೆಂದು ಫೋನು ಕನ್ನಡದಲ್ಲೇ ಕೂಗಿ ಹೇಳಿದರೆ, ಓದಲು ಬಾರದ ಅಜ್ಜಿಯೂ ಮೂರು ಕುರಿ ಹಿಡಿದು ಕೂರಬಹುದು.