ಪಂಪಿಲ್ಲದೆ ಏರುವ ನೀರು: ಎರ್ನಾಕುಲಂನ ಮನೆಗಳಿಗೆ ಸೌರ ಜಲತಾಪಕ

ಎರ್ನಾಕುಲಂ ಜಿಲ್ಲೆಯ ನೆಡುಂಬಾಶ್ಶೇರಿಯಲ್ಲಿರುವ ಕೊಚ್ಚಿ ವಿಮಾನ ನಿಲ್ದಾಣವು 2015ರ ಆಗಸ್ಟ್‌ನಲ್ಲಿ 12 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಸ್ಥಾವರವನ್ನು ಆರಂಭಿಸಿ, ಪೂರ್ಣವಾಗಿ ಸೌರವಿದ್ಯುತ್ತಿನಿಂದ ನಡೆಯುವ ಜಗತ್ತಿನ ಮೊದಲ ವಿಮಾನ ನಿಲ್ದಾಣವೆಂಬ ಹೆಸರು ಗಳಿಸಿತು. ಅಲ್ಲಿನ ಹಲಗೆಗಳು ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತವೆ. ಮನೆಯ ತಾರಸಿಯ ಮೇಲೆ ಟ್ಯಾಂಕು ಹೊತ್ತು ಕುಳಿತಿರುವ ಸೋಲಾರ್ ವಾಟರ್ ಹೀಟರ್, ಅರ್ಥಾತ್ ಸೌರ ಜಲತಾಪಕ, ವಿದ್ಯುತ್ತಿನ ಗೊಡವೆಗೆ ಹೋಗದೆ ಬೆಳಕನ್ನು ನೇರವಾಗಿ ಶಾಖವಾಗಿಸುತ್ತದೆ. ಇವೆರಡನ್ನೂ ಒಂದೆಂದು ತಿಳಿಯುವಲ್ಲಿಯೇ ಜನಸಾಮಾನ್ಯರು ಮೊದಲು ಎಡವುತ್ತಾರೆ. ವಿದ್ಯುತ್ ಹಲಗೆಯು ತನ್ನ ಮೇಲೆ ಬಿದ್ದ ಶಕ್ತಿಯ ಸುಮಾರು ಐದನೆಯ ಒಂದು ಭಾಗವನ್ನು ವಿದ್ಯುತ್ತಾಗಿ ಕೊಟ್ಟರೆ, ಜಲತಾಪಕವು ಒಳ್ಳೆಯ ಬಿಸಿಲಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ನೀರಿಗೆ ದಾಟಿಸುವುದರಿಂದ, ಸ್ನಾನದ ನೀರಿನ ಮಟ್ಟಿಗೆ ಕಡಿಮೆ ಜಾಗದಲ್ಲಿ ಹೆಚ್ಚು ಫಲ ಕೊಡುವುದು ಎರಡನೆಯದೇ.

ಇದರ ಅಂಗಗಳು ಮೂರು: ಬಿಸಿಲನ್ನು ಹೀರುವ ಶಾಖಗ್ರಾಹಕ, ಶಾಖ ಸೋರದಂತೆ ದಪ್ಪ ಹೊದಿಕೆಯುಳ್ಳ ಟ್ಯಾಂಕು, ಇವನ್ನು ಜೋಡಿಸುವ ಕೊಳವೆಗಳು. ಚಪ್ಪಟೆ ಶಾಖಗ್ರಾಹಕವೆಂದರೆ ಗಾಜಿನ ಮುಚ್ಚಳದ ಪೆಟ್ಟಿಗೆ; ಅದರೊಳಗಿನ ಕಪ್ಪು ಲೇಪದ ತಗಡಿಗೆ ತಾಮ್ರದ ಕೊಳವೆಗಳನ್ನು ಬೆಸೆದಿರುತ್ತಾರೆ. 100 ಲೀಟರ್ ನೀರನ್ನು 30 ಡಿಗ್ರಿಯಷ್ಟು ಬಿಸಿಯೇರಿಸಲು ಸುಮಾರು 3.5 ಯೂನಿಟ್ ಶಕ್ತಿ ಬೇಕು. ಬಿಸಿಲಿನ ದಿನ ಒಂದು ಚದರ ಮೀಟರಿನ ಮೇಲೆ ಸುಮಾರು 5 ಯೂನಿಟ್ ಬೀಳುವುದರಿಂದ, 100 ಲೀಟರಿಗೆ 2 ಚದರ ಮೀಟರ್ ಶಾಖಗ್ರಾಹಕವೆಂಬ ಲೆಕ್ಕ ರೂಢಿಗೆ ಬಂದಿದೆ.

ಆದರೆ ಪಂಪೇ ಇಲ್ಲದ ಈ ಸಲಕರಣೆಯಲ್ಲಿ ನೀರನ್ನು ತಿರುಗಿಸುವವರು ಯಾರು? ಇಡೀ ವಿಷಯದ ಸೊಗಸೆಲ್ಲ ಈ ಪ್ರಶ್ನೆಯಲ್ಲಿದೆ. ನೀರು ಬಿಸಿಯಾದಂತೆ ಹಿಗ್ಗಿ ಹಗುರವಾಗುತ್ತದೆ. 30 ಡಿಗ್ರಿಯ ಒಂದು ಘನ ಮೀಟರ್ ನೀರು ಸುಮಾರು 996 ಕಿಲೋ ತೂಗಿದರೆ, 60 ಡಿಗ್ರಿಯಲ್ಲಿ ಅದು 983 ಕಿಲೋ ಮಾತ್ರ. ಶಾಖಗ್ರಾಹಕದಲ್ಲಿ ಹಗುರವಾದ ನೀರು ಟ್ಯಾಂಕಿನ ಮೇಲ್ಭಾಗಕ್ಕೆ ಏರುತ್ತದೆ, ಟ್ಯಾಂಕಿನ ತಳದ ತಣ್ಣೀರು ಆ ಜಾಗಕ್ಕೆ ಇಳಿದುಬರುತ್ತದೆ, ಬಿಸಿಲಿರುವ ತನಕ ಈ ಸುತ್ತು ನಿಲ್ಲುವುದಿಲ್ಲ. ಇದಕ್ಕೆ ಥರ್ಮೋಸೈಫನ್ ಎಂದು ಹೆಸರು. ಕಾಸರಗೋಡಿನ ಹಳೆಯ ಮನೆಗಳ ಬಚ್ಚಲಿನ ಹಂಡೆಯಲ್ಲಿ ಬೆಂಕಿ ತಳಕ್ಕಿದ್ದರೂ ಮೇಲಿನ ನೀರೇ ಹೆಚ್ಚು ಬಿಸಿಯಾಗಿರುವುದಕ್ಕೂ ಇದೇ ಕಾರಣ. 1909ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಬೇಲಿ ಟ್ಯಾಂಕನ್ನು ಶಾಖಗ್ರಾಹಕದಿಂದ ಬೇರ್ಪಡಿಸಿ, ಎತ್ತರದಲ್ಲಿರಿಸಿ, ಅದಕ್ಕೆ ಶಾಖನಿರೋಧಕ ಹೊದಿಸಿದ ಮೇಲಷ್ಟೇ ಹಗಲು ಕಾದ ನೀರು ಮರುದಿನ ಬೆಳಿಗ್ಗೆಯವರೆಗೂ ಬಿಸಿಯಾಗಿ ಉಳಿಯತೊಡಗಿತು.

ಈ ಚಾಲಕಬಲ ಎಷ್ಟು ಸೂಕ್ಷ್ಮವೆಂಬುದನ್ನು ಅರಿಯದೆ ಹೋಗುವುದರಿಂದಲೇ ಹೆಚ್ಚಿನ ದೂರುಗಳು ಹುಟ್ಟುತ್ತವೆ. ಮೇಲೆ ಹೇಳಿದ ಉಷ್ಣಾಂಶಗಳಲ್ಲಿ ಒಂದು ಮೀಟರ್ ಎತ್ತರಕ್ಕೆ ದೊರೆಯುವ ಒತ್ತಡವು ಕೇವಲ 12 ಮಿಲಿಮೀಟರ್ ನೀರಿನ ಕಂಬಕ್ಕೆ ಸಮ. ಬಿಸಿನೀರಿನ ಕೊಳವೆಯನ್ನು ಪ್ಲಂಬರ್ ಒಂದೆಡೆ ಗೂನು ಬರುವಂತೆ ಬಾಗಿಸಿದರೆ ಅಲ್ಲಿ ಗಾಳಿ ಸಿಕ್ಕಿಕೊಂಡು, ಅಷ್ಟು ಎಳೆಯ ಒತ್ತಡಕ್ಕೆ ಅದನ್ನು ತಳ್ಳಲಾಗದೆ, ಸುತ್ತೇ ನಿಂತುಬಿಡುತ್ತದೆ. ಆದ್ದರಿಂದ ಕೊಳವೆ ಉದ್ದಕ್ಕೂ ಏರುಮುಖವಾಗಿರಬೇಕು, ಗಾಳಿ ಹೊರಹೋಗುವ ಏರ್ ವೆಂಟ್ ಪೈಪು ತೆರೆದಿರಬೇಕು. ಇನ್ನು ಚಪ್ಪಟೆ ಶಾಖಗ್ರಾಹಕದ ಮೇಲಂಚಿಗಿಂತ ಟ್ಯಾಂಕಿನ ತಳವು ಸುಮಾರು 30 ಸೆಂಟಿಮೀಟರ್ ಎತ್ತರದಲ್ಲಿರದಿದ್ದರೆ, ರಾತ್ರಿ ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು ತಣ್ಣಗಾದ ಶಾಖಗ್ರಾಹಕದ ನೀರು ಕೆಳಗಿಳಿದು, ಟ್ಯಾಂಕಿನ ಬಿಸಿನೀರನ್ನು ತನ್ನೆಡೆಗೆ ಸೆಳೆಯುತ್ತದೆ. ಹಗಲು ಗಳಿಸಿದ್ದನ್ನು ರಾತ್ರಿ ಕಳೆದುಕೊಳ್ಳುವ ಇಂಥ ಮನೆಗಳಲ್ಲಿ ಬೈಗುಳ ಮಾತ್ರ ಸೂರ್ಯನಿಗೆ!

ಕೇರಳದ ಮಳೆಗಾಲದ ಕುರಿತ ಶಂಕೆಗೂ ಇಲ್ಲಿ ಉತ್ತರ ಹೇಳಬೇಕು. ಜಲತಾಪಕಕ್ಕೆ ಬೇಕಾದದ್ದು ಸೆಕೆಯಲ್ಲ, ಬೆಳಕು. ತೆಳುಮೋಡದ ಮೂಲಕ ಚದುರಿ ಬರುವ ಬೆಳಕೂ ಅದಕ್ಕೆ ದಕ್ಕುತ್ತದೆ. ಎರಡು ಪದರದ ಗಾಜಿನ ನಡುವಿನ ಗಾಳಿಯನ್ನು ತೆಗೆದ ನಿರ್ವಾತ ಕೊಳವೆಗಳು ಮೋಡದ ದಿನ ಹೆಚ್ಚು ಉಪಯುಕ್ತವೆಂಬುದು ನಿಜ, ಆದರೆ ನಿರ್ವಾತವು ಗಳಿಸಿದ ಶಾಖವನ್ನು ಕಾಯುತ್ತದೆಯೇ ಹೊರತು ಬಾರದ ಬೆಳಕನ್ನು ಸೃಷ್ಟಿಸುವುದಿಲ್ಲ. ಜುಲೈನಲ್ಲಿ ಎಡೆಬಿಡದೆ ಸುರಿಯುವ ದಿನಗಳಿಗೆ ವಿದ್ಯುತ್ ಹೀಟರಿನ ಆಸರೆ ಬೇಕೇ ಬೇಕು. ಆ ಹೀಟರನ್ನು ಹಗಲಿಡೀ ಚಾಲೂ ಇಟ್ಟರೆ ಟ್ಯಾಂಕು ಮೊದಲೇ ಬಿಸಿಯಾಗಿ ಬಿಸಿಲಿಗೆ ಕೆಲಸವೇ ಉಳಿಯುವುದಿಲ್ಲವಾದ್ದರಿಂದ, ಸ್ನಾನಕ್ಕೆ ತುಸು ಮುಂಚೆ ಮಾತ್ರ ಹಾಕುವುದು ಜಾಣತನ.

ಬೆಂಗಳೂರಿನಲ್ಲಿ ಹೊಸ ಮನೆಗಳಿಗೆ ಕಡ್ಡಾಯವಾಗಿ, ವಿದ್ಯುತ್ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯ ರಿಯಾಯಿತಿಯನ್ನೂ ಪಡೆದು ಬೆಳೆದ ಈ ಸಲಕರಣೆಯನ್ನು ಕೊಚ್ಚಿಗೆ ಹಾಗೆಯೇ ಎತ್ತಿ ತಂದರೆ ಸಾಲದು. ಬೆಂಗಳೂರಿನ ಕೊಳವೆಬಾವಿಯ ಗಡಸು ನೀರು ಸುಣ್ಣದ ಪದರ ಕಟ್ಟಿ ಕೊಳವೆಯನ್ನು ಕಿರಿದಾಗಿಸಿದರೆ, ಎರ್ನಾಕುಲಂನ ಮುರಕಲ್ಲಿನ ನೆಲದ ಬಾವಿಗಳ ತುಸು ಆಮ್ಲೀಯ ನೀರು ಲೋಹವನ್ನೇ ತಿನ್ನುತ್ತದೆ, ವೈಪಿನ್‌ನಂಥ ದ್ವೀಪಗಳಲ್ಲಿ ಉಪ್ಪಿನ ಕಾಟವೂ ಸೇರುತ್ತದೆ. ಕೊಚ್ಚಿ 10 ಡಿಗ್ರಿ ಅಕ್ಷಾಂಶದಲ್ಲಿರುವ ಕಾರಣ, ಏಪ್ರಿಲ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ನಡುಹಗಲಿನ ಸೂರ್ಯ ನೆತ್ತಿಯ ಉತ್ತರಕ್ಕಿರುತ್ತಾನೆ. ಆದರೂ ಆ ಅವಧಿಯ ಬಹುಭಾಗ ಮಳೆಗೇ ಮೀಸಲಾಗಿರುವುದರಿಂದ ಶಾಖಗ್ರಾಹಕವನ್ನು ದಕ್ಷಿಣಕ್ಕೆ ವಾಲಿಸುವುದೇ ಸರಿ. ಅನುಕೂಲವೂ ಒಂದಿದೆ: ಅಲ್ಲಿ ನಲ್ಲಿಯ ನೀರೇ 27 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ, 60 ಡಿಗ್ರಿಯ 100 ಲೀಟರಿಗೆ ತಣ್ಣೀರು ಬೆರೆಸಿದರೆ ಸ್ನಾನಕ್ಕೆ ಹಿತವಾದ 40 ಡಿಗ್ರಿಯ ನೀರು ಸುಮಾರು 250 ಲೀಟರ್ ಸಿಗುತ್ತದೆ.

ಒಟ್ಟಿನಲ್ಲಿ ಜಲತಾಪಕದ ಸೋಲು ಗೆಲುವುಗಳನ್ನು ನಿರ್ಧರಿಸುವುದು ಬಿಸಿಲಿಗಿಂತ ಹೆಚ್ಚಾಗಿ ಟ್ಯಾಂಕಿನ ಎತ್ತರ, ಕೊಳವೆಯ ಏರು ಮತ್ತು ನೀರಿನ ಗುಣ. ತಿರುವನಂತಪುರದಲ್ಲಿ 1986ರಲ್ಲಿ ಸ್ಥಾಪನೆಯಾದ ಅನರ್ಟ್‌ನಂಥ ನವೀಕರಿಸಬಹುದಾದ ಇಂಧನದ ಸಂಸ್ಥೆ ಇರುವ ರಾಜ್ಯದಲ್ಲಿ, ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಎರಡು ಥರ್ಮಾಮೀಟರ್ ಹಿಡಿದು ವರ್ಷವಿಡೀ ತಾರಸಿಗಳ ಲೆಕ್ಕವಿಡುವುದು ಅಸಾಧ್ಯವೇನಲ್ಲ. ಕಾಸರಗೋಡಿನಿಂದ ಕಾರವಾರದವರೆಗಿನ ಮಳೆಯೂ ಮುರಕಲ್ಲೂ ಅದೇ ಬಗೆಯವಾದ್ದರಿಂದ, ಅಂಥ ಅಧ್ಯಯನವನ್ನು ಕನ್ನಡ ಕರಾವಳಿಯ ಕಾಲೇಜುಗಳೂ ತಡಮಾಡದೆ ಕೈಗೆತ್ತಿಕೊಳ್ಳಬೇಕು.