ನಿಮಗಿದು ಗೊತ್ತೇ? ಕೀಪ್ಯಾಡ್ ಫೋನಿನೊಳಗೂ ಲಿನಕ್ಸ್!

ಹಾವೇರಿ ಜಿಲ್ಲೆಯ ಹತ್ತಿಮತ್ತೂರಿನ ಯಾರದೋ ಅಂಗಿಜೇಬಿನಲ್ಲಿ 2017ರ ಜಿಯೋಫೋನ್ ಇನ್ನೂ ಇದ್ದರೆ, ಅದರೊಳಗೆ ಓಡುತ್ತಿರುವುದು ಲಿನಕ್ಸ್. ಅದರ ಕಾರ್ಯಾಚರಣ ವ್ಯವಸ್ಥೆ ಕೈಓಎಸ್ ನಿಂತಿರುವುದು ಲಿನಕ್ಸ್ ತಿರುಳಿನ (ಕರ್ನಲ್) ಮೇಲೆ. ಆಂಡ್ರಾಯ್ಡ್ ನಿಂತಿರುವುದೂ ಅದರ ಮೇಲೆಯೇ.

ಲಿನಕ್ಸ್ ರೂಪಿಸಿದ ಲಿನಸ್ ಟೋರ್ವಾಲ್ಡ್ಸ್ ಅದರ ಸುದ್ದಿ ತಿಳಿಸಿದ್ದು 1991ರ ಆಗಸ್ಟ್‌ನಲ್ಲಿ. ಕನ್ನಡ ಲಿಪಿಗೆ ಜಾಗ ಕೊಟ್ಟ ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ.

ಓದು ಬಾರದವರೂ ಬಳಸಬಲ್ಲ ಲಿನಕ್ಸ್ ಸಾಧನವೊಂದು ಬೆಂಗಳೂರಿನಲ್ಲೇ ಹುಟ್ಟಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಜತೆ ಸೇರಿ ರೂಪಿಸಿದ ‘ಸಿಂಪ್ಯೂಟರ್’ ಅದು. ಫೋನಲ್ಲ, ಅಂಗೈಯಗಲದ ಕಂಪ್ಯೂಟರ್. 2001ರಲ್ಲಿ ಮಾದರಿ ಹೊರಬಂತು, 2004ರಲ್ಲಿ ಬಿಇಎಲ್ ತಯಾರಿಸಿದ ‘ಅಮಿಡಾ’ ಮಾರಾಟಕ್ಕೆ ಬಂತು. ಪರದೆಯ ಬರಹವನ್ನು ಓದಿ ಹೇಳುವ ದನಿ, ಒಂದೇ ಯಂತ್ರವನ್ನು ಊರವರೆಲ್ಲ ಹಂಚಿಕೊಳ್ಳಲು ಸ್ಮಾರ್ಟ್‌ಕಾರ್ಡ್, ಕೈಯಲ್ಲಿ ಓರೆ ಮಾಡಿದರೆ ತಿರುಗುವ ಪುಟ! ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು. ಇಂಥದ್ದು ನಮ್ಮ ಹಳ್ಳಿಗಳಲ್ಲಿ ಹರಡದೇ ಹೋದದ್ದು ನಿಜಕ್ಕೂ ನೋವಿನ ಸಂಗತಿ.

ಲಿನಕ್ಸ್ ತಿರುಳಿನ ಟೈಜೆನ್ ಇದ್ದ ಮೊದಲ ಸ್ಮಾರ್ಟ್‌ಫೋನ್, ಸ್ಯಾಮ್ಸಂಗ್ ಝಡ್1, 2015ರ ಜನವರಿಯಲ್ಲಿ ಮೊದಲು ಬಿಡುಗಡೆಯಾದದ್ದು ಭಾರತದಲ್ಲೇ. ಬೆಲೆ 5,700 ರೂಪಾಯಿ. ಮರುವರ್ಷ ಅದೇ ತಿರುಳಿನ ಸೇಲ್‌ಫಿಶ್ ಹೊತ್ತ ಇಂಟೆಕ್ಸ್ ಆಕ್ವಾ ಫಿಶ್ ಬಂತು. ಎರಡೂ ಬಹಳ ದಿನ ಬಾಳಲಿಲ್ಲ.

ಒಳಗಿನ ತಂತ್ರಾಂಶ ಯಾವುದೇ ಇರಲಿ, ನಮ್ಮಲ್ಲಿ ಮಾರುವ ಫೋನಿನಲ್ಲಿ 22 ಭಾರತೀಯ ಭಾಷೆಗಳ ಸಂದೇಶ ಓದಲು ಬರಬೇಕು ಎನ್ನುತ್ತದೆ ಐಎಸ್ 16333 ಎಂಬ ಭಾರತೀಯ ಮಾನಕದ ಮೂರನೇ ಭಾಗ. ಟೈಪ್ ಮಾಡಲು ಮಾತ್ರ ಇಂಗ್ಲಿಷ್, ಹಿಂದಿಯ ಜತೆ ಇನ್ನೊಂದು ಭಾಷೆ ಇದ್ದರೆ ಸಾಕು. ಆ ಇನ್ನೊಂದು ಕನ್ನಡವೇ ಆಗಿರಬೇಕೆಂದಿಲ್ಲ, ಕೇಳಿಯೇ ಕೊಳ್ಳಿ.

ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಆ ಫೋನಿಗೆ ‘ಸ್ವಾತಂತ್ರ್ಯ’, ‘ಅರ್ಥ’ ಎಂದು ಮೆಸೇಜ್ ಕಳಿಸಿ ನೋಡಿ. ತಕಾರಕ್ಕೆ ರ, ಯ ಎರಡೂ ಒತ್ತುಗಳು ಅಂಟಿಕೊಂಡಿರಬೇಕು. ಅರ್ಕಾವತ್ತು ‘ಥ’ದ ಬಲಕ್ಕೆ ನಿಲ್ಲಬೇಕು. ಒತ್ತಿನ ಬುಡ ಕತ್ತರಿಸಿದ್ದರೆ, ಅಕ್ಷರ ಬಿಡಿಬಿಡಿಯಾಗಿ ಚೆಲ್ಲಿದ್ದರೆ ಆ ಫೋನ್ ಬೇಡವೇ ಬೇಡ. ಆಮೇಲೆ ಹೊರಗೆ ಬಂದು ಅದನ್ನೇ ಬಿಸಿಲಲ್ಲಿ ಓದಿ. ಮೆಣಸಿನಕಾಯಿ ಒಣಹಾಕಿದ ಕಣದಲ್ಲಿ ನಿಂತು ಬ್ಯಾಡಗಿ ಮಾರುಕಟ್ಟೆಯ ದರ ನೋಡುವವರಿಗೆ ಕ್ಯಾಮೆರಾಗಿಂತ ಇದು ಮುಖ್ಯ.

ಲಿನಕ್ಸ್ ಕಂಪ್ಯೂಟರ್‌ಗೆ ಆಂಡ್ರಾಯ್ಡ್ ಫೋನ್ ಜೋಡಿಸಲು ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಡ. ಫೋನಿನಲ್ಲಿ ‘ಫೈಲ್ ಟ್ರಾನ್ಸ್‌ಫರ್’ ಆರಿಸಿದರೆ ಫೋಟೊಗಳು ತೆರೆದುಕೊಳ್ಳುತ್ತವೆ. ಏನೂ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ: ಕೆಲವು ಅಗ್ಗದ ಕೇಬಲ್‌ಗಳಲ್ಲಿ ಚಾರ್ಜಿಂಗ್‌ನ ಎರಡು ತಂತಿ ಮಾತ್ರ ಇರುತ್ತವೆ, ಮಾಹಿತಿ ಸಾಗಿಸುವ ತಂತಿಗಳೇ ಇರುವುದಿಲ್ಲ.

ಲಿನಕ್ಸ್ ಕಂಪ್ಯೂಟರ್ ಕಷ್ಟವೆಂದು ಹಿಂಜರಿಯಬೇಡಿ: ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಂಪ್ಯೂಟರ್ ಕಲಿಯುವುದು ಲಿನಕ್ಸ್‌ನಲ್ಲೇ.

ಫೋನಿನ ಸಣ್ಣ ಅಕ್ಷರ ಓದಲು ಕಷ್ಟವೇ? ಕೆಡಿಇ ಕನೆಕ್ಟ್ ಎಂಬ ಉಚಿತ ತಂತ್ರಾಂಶವನ್ನು ಆಂಡ್ರಾಯ್ಡ್ ಫೋನಿಗೂ ಲಿನಕ್ಸ್ ಕಂಪ್ಯೂಟರಿಗೂ ಹಾಕಿಕೊಳ್ಳಿ. ಎರಡನ್ನೂ ಒಂದೇ ವೈಫೈನಲ್ಲಿ ಪರಸ್ಪರ ಜೋಡಿಸಿದರೆ, ಫೋನಿಗೆ ಬಂದ ಎಸ್‌ಎಂಎಸ್ಸನ್ನು ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಓದಿ, ಅಲ್ಲಿಂದಲೇ ಕನ್ನಡದಲ್ಲಿ ಉತ್ತರ ಬರೆಯಬಹುದು.