ಬೂಟ್ ಮೆನು ಕೆಟ್ಟರೆ ಡಿಸ್ಕ್ ಕೆಟ್ಟಂತಲ್ಲ

ಉಬುಂಟು ಅರ್ಧ ಇನ್‌ಸ್ಟಾಲ್ ಆಗಿರುವಾಗ ಕರೆಂಟ್ ಹೋಗುತ್ತದೆ. ಮತ್ತೆ ಕಂಪ್ಯೂಟರ್ ಆನ್ ಮಾಡಿದರೆ ವಿಂಡೋಸೂ ಇಲ್ಲ, ಉಬುಂಟೂ ಇಲ್ಲ. ಕಪ್ಪು ಪರದೆಯ ಮೇಲೆ ‘ಎರರ್: ನೋ ಸಚ್ ಪಾರ್ಟಿಶನ್’ ಎಂಬ ಒಂದು ಸಾಲು, ಅದರ ಕೆಳಗೆ ‘ಗ್ರಬ್ ರೆಸ್ಕ್ಯೂ’ ಎಂಬ ಎರಡು ಪದ, ಅಷ್ಟೆ. ಇದನ್ನು ಕಂಡವರಿಗೆ ಮೊದಲು ನೆನಪಾಗುವುದು ಮನೆಯವರ ಫೋಟೊ, ಮಕ್ಕಳ ಪ್ರಾಜೆಕ್ಟ್, ಅಂಗಡಿಯ ಲೆಕ್ಕ. ರಿಪೇರಿಗೆ ಒಯ್ದರೆ ಎಷ್ಟೋ ಕಡೆ ಸಿಗುವ ಸಿದ್ಧ ಉತ್ತರ, ‘ಫಾರ್ಮ್ಯಾಟ್ ಮಾಡಬೇಕಾಗುತ್ತೆ’. ಅದಕ್ಕೆ ಹೂಂ ಅನ್ನುವ ಮುನ್ನ ದಯವಿಟ್ಟು ತಡೆಯಿರಿ. ಇಂಥ ಬಹುಪಾಲು ಸಂದರ್ಭಗಳಲ್ಲಿ ವಿಂಡೋಸ್ ಮತ್ತು ಅದರ ಫೈಲುಗಳು ಇದ್ದಲ್ಲೇ ಇರುತ್ತವೆ. ಅಲ್ಲಿಗೆ ಹೋಗುವ ದಾರಿ ಮಾತ್ರ ತಪ್ಪಿರುತ್ತದೆ. ಪರಿವಿಡಿಯ ಹಾಳೆ ಹರಿದುಹೋದರೆ ಪುಸ್ತಕದ ಅಧ್ಯಾಯಗಳು ಅಳಿಸಿಹೋಗುವುದಿಲ್ಲವಲ್ಲ.

ಕಂಪ್ಯೂಟರ್ ಆನ್ ಆದ ಕ್ಷಣದಲ್ಲಿ ಪ್ರೊಸೆಸರ್‌ಗೆ ಫೈಲ್ ಎಂದರೇನು, ಫೋಲ್ಡರ್ ಎಂದರೇನು ಎಂಬುದೇ ಗೊತ್ತಿರುವುದಿಲ್ಲ. ಹಳೆಯ ಯಂತ್ರಗಳಲ್ಲಿ ಮದರ್‌ಬೋರ್ಡಿನ ಚಿಪ್‌ನಲ್ಲಿರುವ ಬಯಾಸ್ ಮೊದಲು ಎಚ್ಚರಗೊಂಡು, ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು ಓದಿ, ಅಲ್ಲಿರುವ ಪ್ರೋಗ್ರಾಮಿಗೆ ಕೆಲಸ ವಹಿಸುತ್ತದೆ. ಈ ಸೆಕ್ಟರಿನ ಹೆಸರು ಮಾಸ್ಟರ್ ಬೂಟ್ ರೆಕಾರ್ಡ್. 1983ರಲ್ಲಿ ಐಬಿಎಂ ಪಿಸಿಗಳಿಗೆ ಡಾಸ್ 2.0 ಬಂದಾಗ ಹಾಕಿಕೊಟ್ಟ ಏರ್ಪಾಡು ಇದು. ಇರುವುದು ಒಟ್ಟು 512 ಬೈಟ್. ಅದರಲ್ಲಿ 446 ಬೈಟ್ ಪ್ರೋಗ್ರಾಮಿಗೆ, 64 ಬೈಟ್ ಡಿಸ್ಕನ್ನು ಹೇಗೆ ಪಾಲು ಮಾಡಲಾಗಿದೆ ಎಂಬ ಪಟ್ಟಿಗೆ, ಉಳಿದ 2 ಬೈಟ್ ‘ಇದು ಬೂಟ್ ಆಗುವ ಡಿಸ್ಕ್’ ಎಂಬ ಗುರುತಿಗೆ.

446 ಬೈಟ್‌ಗಳಲ್ಲಿ ಒಂದು ಮೆನು ಹಿಡಿಸುವುದು ಅಸಾಧ್ಯ. 1995ರಲ್ಲಿ ಎರಿಕ್ ಬೋಲಿನ್ ಆರಂಭಿಸಿದ, ಇಂದು ಲಿನಕ್ಸ್‌ಗಳಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವ ಗ್ರಬ್, ಈ ಇಕ್ಕಟ್ಟಿಗೆ ಸೊಗಸಾದ ಪರಿಹಾರ ಕಂಡುಕೊಂಡಿದೆ. ಅದು ತನ್ನನ್ನು ಮೂರು ಕಡೆ ಹಂಚಿಕೊಂಡಿರುತ್ತದೆ. ಮೊದಲ ಸೆಕ್ಟರಿನಲ್ಲಿರುವ ತುಣುಕಿಗೆ ಗೊತ್ತಿರುವುದು ಎರಡನೆಯ ತುಣುಕು ಎಲ್ಲಿದೆ ಎಂಬುದೊಂದೇ. ಆ ಎರಡನೆಯದು ಮೊದಲ ಸೆಕ್ಟರಿಗೂ ಮೊದಲ ಪಾರ್ಟಿಶನ್ನಿಗೂ ನಡುವಿನ ಖಾಲಿ ಜಾಗದಲ್ಲಿ ಕೂತಿರುತ್ತದೆ. ಅದಕ್ಕೆ ಸಾಮಾನ್ಯವಾಗಿ ಲಿನಕ್ಸ್‌ನ ಫೈಲ್ ಸಿಸ್ಟಮ್ ಒಂದನ್ನು ಓದಲು ಬರುತ್ತದೆ, ಮೂರನೆಯ ಭಾಗ ಯಾವ ಪಾರ್ಟಿಶನ್ನಿನಲ್ಲಿದೆ ಎಂಬುದು ನೆನಪಿರುತ್ತದೆ. ನಾವು ನೋಡುವ ಮೆನು, ಅದರ ಪಟ್ಟಿ, ವಿಂಡೋಸ್‌ಗೆ ಕೆಲಸ ದಾಟಿಸುವ ಮಾಡ್ಯೂಲ್‌ಗಳು ಎಲ್ಲವೂ ಇರುವುದು ಈ ಮೂರನೆಯ ಕಡೆ, ಲಿನಕ್ಸ್ ಪಾರ್ಟಿಶನ್ನಿನ ‘ಬೂಟ್’ ಫೋಲ್ಡರಿನೊಳಗಿನ ‘ಗ್ರಬ್’ ಫೋಲ್ಡರಿನಲ್ಲಿ.

ಇನ್‌ಸ್ಟಾಲ್ ನಡುವೆ ನಿಂತರೆ ಏಟು ಬೀಳುವುದು ಇಲ್ಲಿಗೇ. ಉಬುಂಟು ಮೊದಲು ಪಾರ್ಟಿಶನ್‌ಗಳನ್ನು ಬದಲಾಯಿಸುತ್ತದೆ, ಆಮೇಲೆ ಫೈಲುಗಳನ್ನು ನಕಲು ಮಾಡುತ್ತದೆ, ಗ್ರಬ್ಬನ್ನು ಕೂರಿಸುವುದು ಕೊನೆಯ ಹಂತಗಳಲ್ಲಿ. ಮೊದಲೇ ಒಂದು ಲಿನಕ್ಸ್ ಇದ್ದ ಕಂಪ್ಯೂಟರಿನಲ್ಲಿ ಕೆಲಸ ನಡುವೆ ನಿಂತರೆ, ಮೊದಲ ಎರಡು ತುಣುಕು ಹಳೆಯವೇ ಉಳಿದು, ಅವು ಹುಡುಕುವ ಮೂರನೆಯದು ಮಾತ್ರ ಅಳಿದಿರುತ್ತದೆ, ಇಲ್ಲವೇ ಅದರ ಪಾರ್ಟಿಶನ್ ಸಂಖ್ಯೆ ಬದಲಾಗಿರುತ್ತದೆ.

ಸಂಖ್ಯೆ ಮಾತ್ರ ಬದಲಾಗಿದ್ದರೆ ಆ ಕಪ್ಪು ಪರದೆಯಲ್ಲೇ ಸರಿಪಡಿಸಬಹುದು. ‘ಎಲ್‌ಎಸ್’ ಎಂದು ಟೈಪ್ ಮಾಡಿದರೆ ‘ಎಚ್‌ಡಿ0, ಎಂಎಸ್‌ಡಾಸ್1’, ‘ಎಚ್‌ಡಿ0, ಎಂಎಸ್‌ಡಾಸ್5’ ಎಂಬಂತೆ ಪಾರ್ಟಿಶನ್‌ಗಳ ಸಾಲು ಬರುತ್ತದೆ. ಒಂದೊಂದರ ಮುಂದೆಯೂ ಅದೇ ಆಜ್ಞೆ ಕೊಟ್ಟು ಒಳಗೇನಿದೆ ಎಂದು ಇಣುಕಬೇಕು. ವಿಂಡೋಸ್ ಪಾರ್ಟಿಶನ್ನಿಗೆ ಬಂದಾಗ ‘ಅನ್‌ನೋನ್ ಫೈಲ್‌ಸಿಸ್ಟಮ್’ ಎಂಬ ಉತ್ತರ ಬರುವುದು ಸಾಮಾನ್ಯ. ಎದೆ ಧಸಕ್ಕೆನ್ನುವ ಜಾಗ ಇದು, ಆದರೆ ಹೆದರಬೇಕಾಗಿಲ್ಲ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಓದುವ ಮಾಡ್ಯೂಲ್ ಇನ್ನೂ ಲೋಡ್ ಆಗಿಲ್ಲ ಎಂಬುದಷ್ಟೇ ಅದರ ಅರ್ಥ. ‘ಬೂಟ್’ ಫೋಲ್ಡರ್ ಕಂಡ ಪಾರ್ಟಿಶನ್ನನ್ನು ‘ಸೆಟ್’ ಆಜ್ಞೆಯಿಂದ ರೂಟ್ ಎಂದೂ, ಅಲ್ಲಿನ ಗ್ರಬ್ ಫೋಲ್ಡರನ್ನು ಪ್ರಿಫಿಕ್ಸ್ ಎಂದೂ ತಿಳಿಸಿ, ‘ಇನ್ಸ್‌ಮಾಡ್ ನಾರ್ಮಲ್’, ಆಮೇಲೆ ‘ನಾರ್ಮಲ್’ ಎಂದರೆ ಮೆನು ಮೂಡುತ್ತದೆ. ಇದು ಆ ಹೊತ್ತಿನ ಮಟ್ಟಿಗೆ ಮಾತ್ರ. ಲಿನಕ್ಸ್ ಒಳಗೆ ಹೋದ ಕೂಡಲೇ ‘ಗ್ರಬ್-ಇನ್‌ಸ್ಟಾಲ್’ ಆಜ್ಞೆಗೆ ಪಾರ್ಟಿಶನ್ನಿನ ಹೆಸರು ಕೊಡದೆ ಇಡೀ ಡಿಸ್ಕಿನ ಹೆಸರು ಕೊಟ್ಟು ಓಡಿಸಿ, ಬಳಿಕ ‘ಅಪ್‌ಡೇಟ್-ಗ್ರಬ್’ ಮಾಡಿದರೆ ಹೊಸ ವಿಳಾಸ ಶಾಶ್ವತವಾಗಿ ದಾಖಲಾಗುತ್ತದೆ.

ಫೋಲ್ಡರೇ ಅಳಿದಿದ್ದರೆ ಆ ಪರದೆಯಲ್ಲಿ ಎಷ್ಟು ಟೈಪ್ ಮಾಡಿದರೂ ಪ್ರಯೋಜನವಿಲ್ಲ. ಆಗ ನನ್ನ ಸಲಹೆ, ಪೆನ್‌ಡ್ರೈವ್‌ನಿಂದ ಉಬುಂಟುವನ್ನು ಲೈವ್ ಆಗಿ ಚಾಲೂ ಮಾಡಿ, ಮೊದಲು ಬೇಕಾದ ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಆಮೇಲೆ ಅರ್ಧಕ್ಕೆ ನಿಂತ ಅದೇ ಪಾರ್ಟಿಶನ್ನಿನಲ್ಲಿ ಇನ್‌ಸ್ಟಾಲ್ ಪೂರ್ತಿ ಮಾಡಿ. ಅರೆಬರೆ ನಕಲಾದ ವ್ಯವಸ್ಥೆಗೆ ತೇಪೆ ಹಾಕಲು ಹೋಗಬಾರದು. ಲಿನಕ್ಸ್ ಬೇಡವೇ ಬೇಡ ಎನ್ನುವವರು ವಿಂಡೋಸ್ ಪೆನ್‌ಡ್ರೈವ್‌ನ ರಿಪೇರಿ ವಿಭಾಗದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಬೂಟ್‌ರೆಕ್’ ಆಜ್ಞೆಯನ್ನು ‘ಫಿಕ್ಸ್‌ಎಂಬಿಆರ್’ ಆಯ್ಕೆಯೊಂದಿಗೆ ಓಡಿಸಬಹುದು. ಅದು ಪಾರ್ಟಿಶನ್ ಪಟ್ಟಿಯನ್ನು ಮುಟ್ಟದೆ ಪ್ರೋಗ್ರಾಮನ್ನಷ್ಟೇ ಬದಲಿಸುತ್ತದೆ.

ನಿಜಕ್ಕೂ ಅಪಾಯಕಾರಿಯಾದ ಗಳಿಗೆ ಒಂದಿದೆ: ಹೊಸ ವ್ಯವಸ್ಥೆಗೆ ಜಾಗ ಮಾಡಿಕೊಡಲು ವಿಂಡೋಸ್ ಪಾರ್ಟಿಶನ್ನನ್ನು ಕುಗ್ಗಿಸುತ್ತಿರುವ ಹೊತ್ತು. ಆಗ ಫೈಲುಗಳೇ ಒಂದು ಜಾಗದಿಂದ ಇನ್ನೊಂದಕ್ಕೆ ಸರಿಯುತ್ತಿರಬಹುದು. ಆ ಹಂತದಲ್ಲಿ ಕರೆಂಟ್ ಹೋಗಿದ್ದರೆ ಡಿಸ್ಕಿಗೆ ಏನನ್ನೂ ಬರೆಯದೆ, ಡೇಟಾ ರಿಕವರಿ ಬಲ್ಲವರಿಗೆ ತೋರಿಸುವುದೇ ಸರಿ.

ಹೊಸ ಕಂಪ್ಯೂಟರ್‌ಗಳಲ್ಲಿ ಬಯಾಸ್ ಬದಲು ಯುಇಎಫ್‌ಐ ಇರುತ್ತದೆ. ಅದಕ್ಕೆ ಫೈಲ್ ಓದಲು ಬರುತ್ತದೆ. ಇಎಫ್‌ಐ ಸಿಸ್ಟಮ್ ಪಾರ್ಟಿಶನ್ ಎಂಬ ಚಿಕ್ಕ ಜಾಗದಲ್ಲಿ ಮೈಕ್ರೋಸಾಫ್ಟ್‌ಗೊಂದು, ಉಬುಂಟುಗೊಂದು ಫೋಲ್ಡರ್ ಇರುತ್ತದೆ. ಯಾವುದನ್ನು ಮೊದಲು ಕರೆಯಬೇಕೆಂಬ ಪಟ್ಟಿ ಮದರ್‌ಬೋರ್ಡಿನ ನೆನಪಿನಲ್ಲಿರುತ್ತದೆ. ಒಬ್ಬರು ಇನ್ನೊಬ್ಬರ ಫೋಲ್ಡರನ್ನು ಅಳಿಸಬೇಕಾಗಿ ಬರುವುದಿಲ್ಲವಾದ್ದರಿಂದ ರಿಪೇರಿಯೂ ಸುಲಭ. ಆನ್ ಮಾಡುವಾಗ ಎಫ್12 ಅಥವಾ ಆಯಾ ಕಂಪನಿಯವರು ಇಟ್ಟ ಕೀ ಒತ್ತಿ, ಬಂದ ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸಿದರೆ ಎಷ್ಟೋ ಬಾರಿ ಅಲ್ಲಿಗೇ ಮುಗಿಯಿತು. ಲೈವ್ ಪೆನ್‌ಡ್ರೈವ್‌ನಿಂದ ಸರಿಪಡಿಸುವವರು ಅದನ್ನೂ ಯುಇಎಫ್‌ಐ ಕ್ರಮದಲ್ಲೇ ಚಾಲೂ ಮಾಡಿರಬೇಕು. ಹಳೆಯ ಬಯಾಸ್ ಕ್ರಮದಲ್ಲಿ ಚಾಲೂ ಆಗಿದ್ದರೆ ಮದರ್‌ಬೋರ್ಡಿನ ಪಟ್ಟಿ ಲಿನಕ್ಸ್‌ಗೆ ಕಾಣುವುದೇ ಇಲ್ಲ, ಆಜ್ಞೆಗಳೆಲ್ಲ ಸರಿಯಿದ್ದೂ ಕೆಲಸವಾಗುವುದಿಲ್ಲ. ಡಿಸ್ಕಿಗೆ ಬಿಟ್‌ಲಾಕರ್ ಹಾಕಿದ್ದರೆ ಬೂಟ್ ಕ್ರಮ ಬದಲಾದ ಮಾತ್ರಕ್ಕೆ ಅದು 48 ಅಂಕೆಗಳ ರಿಕವರಿ ಕೀ ಕೇಳಬಹುದು. ಆ ಕೀ ಕೈಯಲ್ಲಿಲ್ಲದೆ ಏನನ್ನೂ ಮುಟ್ಟಬೇಡಿ.

ವಿಂಡೋಸ್ ಇನ್‌ಸ್ಟಾಲ್ ನಡುವೆ ನಿಂತರೆ ಮೆನುವಿನಲ್ಲಿ ‘ವಿಂಡೋಸ್ ಸೆಟಪ್’ ಎಂಬ ಹೆಚ್ಚಿನ ಸಾಲು ಉಳಿದುಬಿಡುವುದುಂಟು. ಹಳೆಯ ವಿಂಡೋಸ್‌ಗೆ ಹೋಗಿ ‘ಎಂಎಸ್‌ಕಾನ್ಫಿಗ್’ ತೆರೆದು, ಬೂಟ್ ಟ್ಯಾಬಿನಲ್ಲಿ ಆ ಸಾಲನ್ನು ಆರಿಸಿ ಡಿಲೀಟ್ ಮಾಡಿದರಾಯಿತು.

ಇನ್‌ಸ್ಟಾಲ್ ಶುರು ಮಾಡುವ ಮುನ್ನವೇ ಒಂದು ಕೆಲಸ ಮಾಡಿಟ್ಟುಕೊಳ್ಳಬಹುದು. ಯುಇಎಫ್‌ಐ ಯಂತ್ರವಾದರೆ ಇಎಫ್‌ಐ ಪಾರ್ಟಿಶನ್ನಿನ ಫೋಲ್ಡರುಗಳನ್ನು, ಹಳೆಯದಾದರೆ ಲೈವ್ ಲಿನಕ್ಸ್‌ನ ‘ಡಿಡಿ’ ಆಜ್ಞೆಯಿಂದ ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಡಿ. ಮರಳಿ ಬರೆಯುವಾಗ ಮಾತ್ರ 446 ಬೈಟ್ ಸಾಕು. ಪೂರ್ತಿ 512 ಬರೆದರೆ ಪಾರ್ಟಿಶನ್‌ಗಳ ಹಳೆಯ ಪಟ್ಟಿಯೂ ವಾಪಸ್ ಬರುತ್ತದೆ, ಈ ನಡುವೆ ಬದಲಾದ ಪಾರ್ಟಿಶನ್‌ಗಳು ಕಾಣದಂತಾಗುತ್ತವೆ.